ಕ್ವಾರಿಯಿಂದ ಮನೆಗೆ ಎಷ್ಟು ದೂರವಿರಬೇಕು?

ಆನೇಕಲ್, ಜಿಗಣಿ, ಬಾಗಲೂರು ಕಡೆ ಸೈಟು ನೋಡಲು ಹೋಗುವ ಪರಿಚಿತರು ನನ್ನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಹತ್ತಿರದಲ್ಲೊಂದು ಕಲ್ಲು ಕ್ವಾರಿಯಿದೆ, ಎಷ್ಟು ದೂರವಿದ್ದರೆ ಭಯವಿಲ್ಲ? ಒಂದೇ ಅಂಕೆಯಲ್ಲಿ ಉತ್ತರಿಸಲು ಬರುವುದಿಲ್ಲ, ಏಕೆಂದರೆ ಕಾನೂನಿನಲ್ಲಿರುವ ಒಂದೊಂದು ಅಂತರವೂ ಒಂದೊಂದು ಬಗೆಯ ಅಪಾಯಕ್ಕಾಗಿ ನಿಗದಿಯಾಗಿದೆ.

1961ರ ಲೋಹ ಗಣಿಗಳ ನಿಯಮಾವಳಿಯ ಪ್ರಕಾರ ಗಣಿಯ ಗಡಿಯಿಂದ 7.5 ಮೀಟರ್ ಒಳಗಿನ ನೆಲವನ್ನು ಅಗೆಯುವಂತಿಲ್ಲ. ಪಕ್ಕದ ಜಮೀನು ಕುಸಿದು ಕುಳಿಗೆ ಬೀಳದಿರಲಿ ಎಂಬುದು ಇದರ ಉದ್ದೇಶ. ರೈಲು ಹಳಿ, ಸಾರ್ವಜನಿಕ ರಸ್ತೆ ಮತ್ತು ಗಣಿ ಮಾಲೀಕನದಲ್ಲದ ಕಟ್ಟಡಗಳಿಂದ 45 ಮೀಟರ್ ಒಳಗೆ ಕೆಲಸ ನಡೆಸಲು ಗಣಿ ಸುರಕ್ಷತಾ ಅಧಿಕಾರಿಗಳ ಲಿಖಿತ ಪೂರ್ವಾನುಮತಿ ಬೇಕು. ಸಿಡಿಮದ್ದು ಹಚ್ಚುವಾಗ ಸುತ್ತಲಿನ 500 ಮೀಟರ್ ಅಪಾಯ ವಲಯವಾಗುತ್ತದೆ. ಇದು ಹಾರಿ ಬರುವ ಕಲ್ಲಿನಿಂದ ಜನರನ್ನು ಕಾಪಾಡಲು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಮಾಡಿದ ಶಿಫಾರಸಿನಲ್ಲಿ ಸಿಡಿಮದ್ದು ಬಳಸುವ ಕ್ವಾರಿಗಳಿಗೆ ವಸತಿಯಿಂದ 200 ಮೀಟರ್, ಬಳಸದವುಗಳಿಗೆ 100 ಮೀಟರ್ ಕನಿಷ್ಠ ಅಂತರವನ್ನು ಸೂಚಿಸಿತು.

ಈ ಅಂಕೆಗಳನ್ನು ಕಂಠಪಾಠ ಮಾಡುವುದಕ್ಕಿಂತ ಅಂತರಕ್ಕೂ ಮದ್ದಿನ ಪ್ರಮಾಣಕ್ಕೂ ಇರುವ ಸಂಬಂಧವನ್ನು ತಿಳಿಯುವುದು ಹೆಚ್ಚು ಉಪಯುಕ್ತ. ಕಂಪನದ ತೀವ್ರತೆಯನ್ನು ಅಂದಾಜಿಸುವಾಗ ದೂರವನ್ನು, ಒಂದೇ ಕ್ಷಣದಲ್ಲಿ ಸಿಡಿಯುವ ಗರಿಷ್ಠ ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸುತ್ತಾರೆ; ಭಾಗಲಬ್ಧ ದೊಡ್ಡದಾದಷ್ಟೂ ಕಂಪನ ಕಡಿಮೆ. 200 ಮೀಟರ್ ದೂರದಲ್ಲಿ 25 ಕಿಲೋ ಮದ್ದು ಸಿಡಿದರೆ ಈ ಭಾಗಲಬ್ಧ 40. ಮನೆ 100 ಮೀಟರಿನಲ್ಲೇ ಇದ್ದು ಅದೇ 40 ಉಳಿಯಬೇಕಾದರೆ ಮದ್ದು 6.25 ಕಿಲೋಗೆ ಇಳಿಯಬೇಕು. ಅಂತರ ಅರ್ಧವಾದರೆ ಮದ್ದು ಕಾಲುಭಾಗವಾಗಬೇಕು ಎಂದಾಯಿತು. ದಿನಕ್ಕೆ ಇಷ್ಟು ಲೋಡ್ ಜೆಲ್ಲಿ ಕಳುಹಿಸಲೇಬೇಕೆನ್ನುವ ಗುತ್ತಿಗೆದಾರನಿಗೆ ಈ ಲೆಕ್ಕ ರುಚಿಸುವುದು ಕಷ್ಟ.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ ಮಾಲೀಕನಿಗೆ ಸೇರದ ವಾಸದ ಮನೆಗಳ ಬಳಿ ಕಂಪನದ ವೇಗ, ಆವರ್ತನ (ಸೆಕೆಂಡಿಗೆ ಎಷ್ಟು ಬಾರಿ ನೆಲ ಅದುರುತ್ತದೆ ಎಂಬುದು) 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ, ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. 25 ಹರ್ಟ್ಸ್ ದಾಟಿದರೆ 15ರವರೆಗೆ ಅವಕಾಶವಿದೆ. ಕಿಟಕಿ ಗಾಜು ಅದುರಿದ್ದಕ್ಕೆಲ್ಲ ನೆಲದ ಕಂಪನವೇ ಕಾರಣವಲ್ಲ, ಗಾಳಿಯ ಒತ್ತಡದ ಅಲೆಯಿಂದಲೂ ಗಾಜು ಮತ್ತು ಛಾವಣಿಯ ಶೀಟು ಸದ್ದು ಮಾಡುತ್ತವೆ. ಗೋಡೆಯ ಬಿರುಕು ಬೆಳೆಯುತ್ತಿದೆಯೇ ಎಂದು ನೋಡಲು ಹಳೆಯ ವಿಧಾನವೊಂದಿದೆ: ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗಳನ್ನು ಪ್ಲಾಸ್ಟರಿನಿಂದ ಕೂರಿಸಿ, ಪಕ್ಕದಲ್ಲಿ ದಿನಾಂಕ ಬರೆಯುವುದು. ಪಟ್ಟಿ ಒಡೆದರೆ ಗೋಡೆ ಸರಿದಿದೆ ಎಂದರ್ಥ; ಸರಿದದ್ದು ಸ್ಫೋಟದಿಂದಲೋ, ಅಡಿಪಾಯ ಕುಸಿದುದರಿಂದಲೋ ಎಂಬುದನ್ನು ಎಂಜಿನಿಯರ್ ಬಂದು ಹೇಳಬೇಕು.

ಇನ್ನು ಅಳತೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬ ತಕರಾರು. ರಾಜ್ಯ ಸರ್ಕಾರದ ಭೂನಕ್ಷೆ ಆ್ಯಪ್ ಆದ ದಿಶಾಂಕ್ ತೆರೆದು ಸರ್ವೆ ನಂಬರಿನ ಗಡಿ ನೋಡುವುದು ಈಗ ಸುಲಭ, ಆದರೆ ಮೊಬೈಲ್ ತೋರಿಸುವ ಸ್ಥಾನದಲ್ಲಿ ಕೆಲವು ಮೀಟರ್ ವ್ಯತ್ಯಾಸ ಸಹಜವಾದ್ದರಿಂದ 7.5 ಮೀಟರಿನ ವಿವಾದವನ್ನು ಅದರಿಂದ ತೀರ್ಮಾನಿಸಲಾಗದು. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ಕಾರಿ ಅಳತೆಗೆ, ಅರ್ಜಿ ಹಾಕಿ, ಸರ್ವೆಯರ್ ಬಂದು ಬಾಂದು ಕಲ್ಲು ಗುರುತಿಸಿದ ಮೇಲೆಯೇ ಟೇಪು ಹಿಡಿಯಬೇಕು. ಅದಕ್ಕೂ ಮಿಗಿಲಾಗಿ, ಕುಳಿಯ ಇಂದಿನ ಅಂಚಿನಿಂದ ಅಳೆದು ನೆಮ್ಮದಿಯಾಗಿರುವುದು ತಪ್ಪು. ಗುತ್ತಿಗೆ ಮುಗಿಯುವಷ್ಟರಲ್ಲಿ ಅಂಚು ಎಲ್ಲಿಗೆ ಬಂದಿರುತ್ತದೆ ಎಂಬುದು ಅನುಮೋದಿತ ಗಣಿ ಯೋಜನೆಯ ನಕ್ಷೆಯಲ್ಲಿರುತ್ತದೆ, ನೋಡಬೇಕಾದದ್ದು ಅದನ್ನು.

ಕ್ವಾರಿ ಮನೆಗಳತ್ತ ಬಂದಾಗ ನಿಯಮಗಳು ತಡೆಯುತ್ತವೆ, ಮನೆಗಳೇ ಕ್ವಾರಿಯತ್ತ ಹೋದಾಗ ಏನಾಗಬೇಕು? ಬೆಂಗಳೂರಿನ ಹೊರವಲಯದಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದೇ. ಚಾಲ್ತಿಯಲ್ಲಿರುವ ಗುತ್ತಿಗೆಯ ಸುತ್ತಲಿನ 200 ಮೀಟರನ್ನು ಬಡಾವಣೆಯ ನಕ್ಷೆಯಲ್ಲೇ ಗುರುತಿಸಿ, ಸೈಟು ಕೊಳ್ಳುವವರಿಗೆ ಮುಂಗಡ ಕೊಡುವ ಮೊದಲೇ ಅದನ್ನು ತೋರಿಸುವುದು ಮಾರುವವರ ಹೊಣೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.