ಅಟ್ಟಿ ನೆಲದಿಂದಲೇ ಶುರು

ಜನವರಿಯ ಎರಡನೇ ವಾರ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದು ರೋಬಸ್ಟಾ ಶುರುವಾಗುವ ಹೊತ್ತು. ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳಿಗೆ ಆಗ ಕೂತು ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ನಾನು ಸರಿಯಾಗಿ ಅದೇ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮಾವನ ಗೋದಾಮಿಗೆ ಹೋದೆ.

ಮಾವ ಅಂದರೆ ಅಮ್ಮನ ಅಣ್ಣ. ಮೂಡಿಗೆರೆ ಮತ್ತು ಆಲ್ದೂರಿನಲ್ಲಿ ಅವರ ಕಾಫಿ ಕೊಳ್ಳುವ ಡಿಪೋ ಇದೆ. ಕೊಂಡ ಮಾಲು ಬಂದು ಬೀಳುವುದು ಚಿಕ್ಕಮಗಳೂರಿನ ಗೋದಾಮಿಗೆ. ದೀಪಾವಳಿಗೆ ಬಂದಿದ್ದಾಗ ಅವರೇ ಕೇಳಿದ್ದರು: "ನೀನು ಬೆಂಗಳೂರಲ್ಲಿ ಕಂಪನಿಯವರಿಗೆಲ್ಲ ಅದೇನೋ ಬೋರ್ಡ್ ಮಾಡಿಕೊಡ್ತೀಯಂತಲ್ಲ ಮಾರಾಯ, ನಮಗೂ ಒಂದು ಮಾಡು. ಎಲ್ಲ ಒಂದೇ ಕಡೆ ಕಾಣಬೇಕು."

"ಎಲ್ಲ" ಅಂದಿದ್ದನ್ನು ನಾನು ಹಾಗೇ ನಂಬಿದೆ. ಟ್ಯಾಲಿಯಿಂದ ಮೂರು ವರ್ಷದ ಲೆಕ್ಕ ತೆಗೆದು, ಪವರ್ ಬಿಐ ಅನ್ನುವ ಸಾಫ್ಟ್‌ವೇರಿನಲ್ಲಿ ಎರಡು ತಿಂಗಳು ರಾತ್ರಿ ಕೂತು ಡ್ಯಾಶ್‌ಬೋರ್ಡ್ ಮಾಡಿದೆ. ಒಂದೇ ಪರದೆಯಲ್ಲಿ 14 ಚಾರ್ಟು. ಕಾರಿನ ಸ್ಪೀಡೋಮೀಟರಿನ ಹಾಗೆ ಮುಳ್ಳು ತಿರುಗುವುದು ಒಂದು. ಹೋಳಿಗೆಯಷ್ಟು ದಪ್ಪದ ತ್ರೀಡಿ ಪೈ ಚಾರ್ಟ್ ಒಂದು. ಹಿನ್ನೆಲೆಗೆ ಕಾಫಿ ಹೂವಿನ ಚಿತ್ರ ಬೇರೆ. ನನಗಂತೂ ತುಂಬ ಹೆಮ್ಮೆಯಾಗಿತ್ತು.

ಮಾವ ಫೋನ್ ಕಿವಿಗೆ ಇಟ್ಟುಕೊಂಡೇ ಬಂದು ನೋಡಿದರು. ಜೊತೆಗೆ ರೈಟರ್ರೂ ಬಂದರು. ಅವರಿಗೆ ಹೆಸರಿದೆ, ಆದರೆ ಇಲ್ಲಿ ಲೆಕ್ಕ ಬರೆಯುವವರನ್ನು ಎಲ್ಲರೂ ರೈಟರ್ ಅಂತಲೇ ಕರೆಯುವುದು. 35 ವರ್ಷದಿಂದ ಮಾವನ ಪುಸ್ತಕ ಬರೆಯುತ್ತಿದ್ದಾರೆ.

"ಚೆನ್ನಾಗಿದೆ ಮಾರಾಯ," ಅಂದರು ಮಾವ. ಆಮೇಲೆ ಪೈ ಚಾರ್ಟಿನ ಮೇಲೆ ಬೆರಳಿಟ್ಟರು. "ಇದ್ರಲ್ಲಿ ಎಪಿ ಜಾಸ್ತಿಯೋ ಆರ್‌ಸಿ ಜಾಸ್ತಿಯೋ?"

ಎಪಿ ಅಂದರೆ ಅರೇಬಿಕಾ ಪಾರ್ಚ್‌ಮೆಂಟ್, ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು. ಆರ್‌ಸಿ ಅಂದರೆ ರೋಬಸ್ಟಾ ಚೆರಿ, ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. ನಾನು ನೋಡಿದೆ. ಎಪಿಯ ತುಂಡು ಮುಂದೆ ಇತ್ತು, ದಪ್ಪ ಅಂಚು ಎದ್ದು ಕಾಣುತ್ತಿತ್ತು. "ಎಪಿ," ಅಂದೆ. ರೈಟರ್ರು ಕುರ್ಚಿಯಲ್ಲೇ ಹಿಂದಕ್ಕೆ ಬಾಗಿ ಗೋದಾಮಿನ ಬಾಗಿಲೊಳಗೆ ಒಮ್ಮೆ ಇಣುಕಿದರು. "ಇಲ್ಲ ತಮ್ಮ. ಆರ್‌ಸಿ. ಎಪಿಗಿಂತ ಎರಡು ವರಸೆ ಮೇಲಿದೆ."

ನಾನೂ ಎದ್ದು ಹೋಗಿ ನೋಡಿದೆ. ಒಂದೇ ಸಾಲಿನಲ್ಲಿ ನಾಲ್ಕು ಅಟ್ಟಿ. ಎಲ್ಲ 50 ಕೆಜಿ ಚೀಲ, ಎಲ್ಲ ಅಟ್ಟಿಗೂ ಅಷ್ಟೇ ಅಗಲ. ಎತ್ತರ ನೋಡಿದರೆ ಸಾಕು, ಯಾವುದು ಜಾಸ್ತಿ ಅಂತ ಗೊತ್ತಾಗಿಬಿಡುತ್ತದೆ. ಹಮಾಲರು ಬೆಳಿಗ್ಗೆಯೇ ಬಾರ್ ಚಾರ್ಟ್ ಕಟ್ಟಿ ಹೋಗಿದ್ದರು. ನಾನು ಎರಡು ತಿಂಗಳು ಕೂತು ಅದನ್ನು ಹೋಳಿಗೆ ಮಾಡಿದ್ದೆ.

ಇದು ನನಗೆ ಗೊತ್ತಿರದ ವಿಷಯವೇನಲ್ಲ, ನಾಚಿಕೆಯಾಗಿದ್ದೂ ಅದಕ್ಕೇ. 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು ಸಂಶೋಧಕರು ಜನರಿಗೆ ಬೇರೆ ಬೇರೆ ಥರದ ಚಾರ್ಟು ತೋರಿಸಿ ಪರೀಕ್ಷೆ ಮಾಡಿದ್ದರು. ಒಂದೇ ನೆಲೆಯ ಮೇಲೆ ನಿಂತ ಎತ್ತರವನ್ನು ನಮ್ಮ ಕಣ್ಣು ಚೆನ್ನಾಗಿ ಅಳೆಯುತ್ತದೆ. ಕೋನ ಅಳೆಯುವುದರಲ್ಲಿ ಅದಕ್ಕಿಂತ ಹಿಂದೆ. ಅಗಲ, ದಪ್ಪ ಸೇರಿಕೊಂಡರೆ ಇನ್ನೂ ಎಡವುತ್ತದೆ. ಪೈಯನ್ನು ತ್ರೀಡಿ ಮಾಡಿ ಮಲಗಿಸಿದರೆ ಮುಂದಿನ ತುಂಡು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಬಾರ್ ಚಾರ್ಟನ್ನೂ ಪೈಯನ್ನೂ ಜನಕ್ಕೆ ಕೊಟ್ಟವನು ಒಬ್ಬನೇ, ಸ್ಕಾಟ್‌ಲ್ಯಾಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ಬಾರ್, 1801ರಲ್ಲಿ ಪೈ. ಮೊದಲನೆಯದಕ್ಕೇ ನಿಲ್ಲಿಸಬಹುದಿತ್ತು ಅಂತ ಆವತ್ತು ಅನ್ನಿಸಿತು.

ಅಷ್ಟರಲ್ಲಿ ಮಾವ ಇನ್ನೊಂದು ಚಾರ್ಟಿಗೆ ಹೋಗಿ ಸಿಟ್ಟಾಗಿದ್ದರು. ಸಿಟ್ಟು ನನ್ನ ಮೇಲಲ್ಲ, ಆಲ್ದೂರು ಡಿಪೋದ ಹುಡುಗನ ಮೇಲೆ. ಮೂಡಿಗೆರೆಯ ಬಾರ್ ಉದ್ದಕ್ಕಿತ್ತು, ಆಲ್ದೂರಿನದು ಅದರ ಅರ್ಧಕ್ಕಿಂತ ಗಿಡ್ಡ. "ಇವನು ಏನು ಮಲಗಿದ್ದಾನಾ ಅಲ್ಲಿ?" ಅಂತ ಫೋನ್ ಹಚ್ಚಿಯೇಬಿಟ್ಟರು. ರೈಟರ್ರು ಪುಸ್ತಕ ತೆಗೆದರು. ಆ ವಾರ ಮೂಡಿಗೆರೆ 1,000 ಚೀಲ, ಆಲ್ದೂರು 940. ನನ್ನ ಚಾರ್ಟಿನ ಅಳತೆ ಸೊನ್ನೆಯಿಂದ ಶುರುವಾಗಿರಲಿಲ್ಲ, 900ರಿಂದ ಶುರುವಾಗಿತ್ತು. ಹಾಗಾಗಿ ಕಣ್ಣಿಗೆ ಕಂಡಿದ್ದು 100 ಮತ್ತು 40. ಅಟ್ಟಿಯ ಕೆಳಗಿನ ವರಸೆಗಳನ್ನೆಲ್ಲ ಮಣ್ಣಲ್ಲಿ ಹೂತು ತುದಿಯನ್ನಷ್ಟೇ ತೋರಿಸಿದ ಹಾಗೆ. ಪಾಪ, ಆ ಹುಡುಗ ಫೋನಿನಲ್ಲಿ ಬೈಸಿಕೊಂಡದ್ದು ನನ್ನಿಂದ.

ಎಲ್ಲದಕ್ಕೂ ಸೊನ್ನೆಯಿಂದಲೇ ಶುರು ಮಾಡಬೇಕು ಅಂತಲ್ಲ. 50 ಕೆಜಿ ರೋಬಸ್ಟಾ ಚೆರಿಯ ಸಿಪ್ಪೆ ಬಿಡಿಸಿದರೆ ಹೆಚ್ಚುಕಡಿಮೆ 26 ಕೆಜಿ ಬೀಜ ಬರುತ್ತದೆ. ಅದೇ ಔಟ್‌ಟರ್ನ್, ಅದನ್ನು ನೋಡಿಯೇ ಚೀಲದ ರೇಟು ಕಟ್ಟುವುದು. ಒಂದು ಕೆಜಿ ಆಚೀಚೆ ಆದರೂ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ. ಆ ಗೆರೆಯನ್ನು ಸೊನ್ನೆಯಿಂದ ಎಳೆದರೆ ಸಪಾಟಾಗಿ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಗೆರೆಯಲ್ಲಿ ನಾವು ನೋಡುವುದು ಏರಿಳಿತ, ಬಾರಿನಲ್ಲಿ ನೋಡುವುದು ಉದ್ದ. ಕಂಪನಿಗಳಿಗೆ ಇದನ್ನೇ ನಾನು ಸ್ಲೈಡು ಹಾಕಿ ಹೇಳುತ್ತೇನೆ. ಮನೆಯವರಿಗೆ ಮಾಡುವಾಗ ಮರೆತಿದ್ದೆ.

ಲಂಡನ್ನಿನ ರೋಬಸ್ಟಾ ರೇಟನ್ನೂ ನಮ್ಮ ಚೀಲದ ರೇಟನ್ನೂ ಒಂದೇ ಚಾರ್ಟಿನಲ್ಲಿ ಹಾಕಿದ್ದೆ. ಅದು ಟನ್ನಿಗೆ ಡಾಲರಿನಲ್ಲಿ, ಇದು ಚೀಲಕ್ಕೆ ರೂಪಾಯಿಯಲ್ಲಿ. ಎಡಕ್ಕೊಂದು ಅಳತೆ, ಬಲಕ್ಕೊಂದು. "ಡಿಸೆಂಬರಲ್ಲಿ ಎರಡು ಗೆರೆ ಒಂದನ್ನೊಂದು ದಾಟಿದೆಯಲ್ಲ, ಏನಾಗಿತ್ತು ಆವಾಗ?" ಅಂತ ಮಾವ ಕೇಳಿದರು. ಏನೂ ಆಗಿರಲಿಲ್ಲ. ಬಲಗಡೆಯ ಅಳತೆಯನ್ನು ಸ್ವಲ್ಪ ಎಳೆದಿದ್ದರೆ ಅವು ನವೆಂಬರಿನಲ್ಲಿ ದಾಟುತ್ತಿದ್ದವು. ಅಷ್ಟೇ.

ಕೊನೆಗೆ ಉಳಿದದ್ದು ಕೆಂಪು, ಹಸಿರು ಚುಕ್ಕೆಗಳು. ಯಾವ ಬೆಳೆಗಾರರಿಗೆ ದುಡ್ಡು ಕೊಟ್ಟಾಗಿದೆ, ಯಾರಿಗೆ ಬಾಕಿ ಅನ್ನುವ ಪಟ್ಟಿ. ಕೊಟ್ಟಿದ್ದರೆ ಹಸಿರು, ಬಾಕಿಯಿದ್ದರೆ ಕೆಂಪು. ಇದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ ಅಂದುಕೊಂಡಿದ್ದೆ. ಮಾವ ಫೋನ್ ಅಂತ ಹೊರಗೆ ಹೋದರು. ರೈಟರ್ರು ತುಂಬ ಹೊತ್ತು ಆ ಪಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ತಮ್ಮ, ಈ ಚುಕ್ಕೆ ಎಲ್ಲ ಒಂದೇ ಥರ ಇದ್ಯಲ್ಲ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಹೇಳಿದರು. ಅವರ ತಂದೆ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು. ಹತ್ತು ವರ್ಷದ ಹುಡುಗ ಅಪ್ಪನ ಹಿಂದೆ ಕೊಯ್ಲಿಗೆ ಹೋದರೆ ಚೀಲದ ತುಂಬ ಹಣ್ಣಿನ ಜೊತೆ ಹಸಿರು ಕಾಯಿಯೂ ತುಂಬಿಕೊಂಡು ಬರುತ್ತಿದ್ದ. ಬೇಕಂತಲೇ ಮಾಡುತ್ತಾನೆ ಅಂತ ಎರಡು ವರ್ಷ ಏಟು ಬಿತ್ತು. "ಆಮೇಲೆ ಗೊತ್ತಾಯ್ತು, ನನಗೆ ಗಿಡದಲ್ಲಿ ಹಣ್ಣು ಕಾಯಿ ಎರಡೂ ಒಂದೇ ಅಂತ. ಇವನು ಕೊಯ್ಲಿಗೆ ಆಗಲ್ಲ, ಪುಸ್ತಕಕ್ಕೆ ಹಾಕಿ ಅಂದ್ರು. ಹಂಗೆ ರೈಟರ್ ಆದೆ."

ಕೆಂಪು, ಹಸಿರು ಗೊತ್ತಾಗದವರು ಗಂಡಸರಲ್ಲೇ ಜಾಸ್ತಿ. ಯುರೋಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 12 ಗಂಡಸರಲ್ಲಿ ಒಬ್ಬರಿಗೆ ಈ ತೊಂದರೆ ಇದೆ. ಓದಿದ್ದೆ, ನೆನಪೂ ಇತ್ತು. ಆದರೆ ಆ ಪಟ್ಟಿಯನ್ನು ದಿನಾ ನೋಡಬೇಕಾದವರು ಯಾರು ಅಂತ ನಾನು ಕೇಳಿಯೇ ಇರಲಿಲ್ಲ. ಮಾವ ಅದನ್ನು ನೋಡುವವರೇ ಅಲ್ಲ.

ಆವತ್ತು ಸಂಜೆ ಅಲ್ಲೇ ಕೂತು ಎಲ್ಲ ಅಳಿಸಿದೆ. ಈ ಸಲ ರೈಟರ್ರನ್ನೇ ಕೇಳಿದೆ, ಬೆಳಿಗ್ಗೆ ಬಂದ ತಕ್ಷಣ ಮಾವ ಏನು ಕೇಳುತ್ತಾರೆ ಅಂತ. ಮೂರೇ ಪ್ರಶ್ನೆ. ಮಾಲು ಎಷ್ಟಿದೆ? ಸರಾಸರಿ ಏನು ರೇಟಿಗೆ ಬಿದ್ದಿದೆ? ಇವತ್ತು ಯಾರಿಗೆ ದುಡ್ಡು ಕೊಡಬೇಕು? ಎಡಗಡೆ ಮೇಲೆ ನಾಲ್ಕು ಬಾರ್, ಗೋದಾಮಿನಲ್ಲಿರುವ ಸಾಲಿನಲ್ಲೇ, ಸೊನ್ನೆಯಿಂದ. ಪಕ್ಕದಲ್ಲಿ ಸರಾಸರಿ ರೇಟು ದೊಡ್ಡ ಅಕ್ಷರದಲ್ಲಿ, ಅದರ ಕೆಳಗೆ ತಿಂಗಳ ಏರಿಳಿತದ ಒಂದು ಗೆರೆ. ಕೆಳಗೆ ಬಾಕಿ ಪಟ್ಟಿ, ಜಾಸ್ತಿ ಬಾಕಿ ಇರುವವರು ಮೊದಲು. ಚುಕ್ಕೆ ತೆಗೆದು "ಬಾಕಿ" ಅಂತಲೇ ಬರೆದೆ, ನೀಲಿಯಲ್ಲಿ. ಕಾಫಿ ಹೂವಿನ ಚಿತ್ರವೂ ಹೋಯಿತು. ಅದೊಂದಕ್ಕೆ ಈಗಲೂ ಬೇಜಾರಿದೆ.

ಬಲಗಡೆ ಕೆಳಗೆ ಒಂದು ಮೂಲೆ ಖಾಲಿ ಉಳಿಯಿತು. ಮಾವನಿಗೆ ಅದು ಸರಿಬರಲಿಲ್ಲ. "ಅಲ್ಲಿ ಮಳೆ ಹಾಕು," ಅಂದರು. ಫೆಬ್ರವರಿ ಕೊನೆಯಲ್ಲಿ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂದ ಮಾರನೇ ದಿನ ಬೆಂಗಳೂರಿನಿಂದಲೇ ತುಂಬಿದೆ: 25 ಮಿಲಿಮೀಟರ್. ಹತ್ತು ನಿಮಿಷದಲ್ಲಿ ಮಾವನ ಫೋನ್.

"25 ಅಂದ್ರೆ ಎಷ್ಟು ಮಾರಾಯ?"

"ಹತ್ತಿರ ಹತ್ತಿರ ಒಂದು ಇಂಚು ಮಾವ."

"ಹಾಗಾದ್ರೆ ಇಂಚು ಅಂತಲೇ ಹಾಕು. ಸೆಂಟೂ ಹಾಕು, ಇಂಚಿಗೆ ನೂರು ಸೆಂಟು. ರೈಟರ್ರು ಪುಸ್ತಕದಲ್ಲಿ 98 ಸೆಂಟ್ ಅಂತ ಬರೆದಿದ್ದಾರೆ."