ಕರಾರು ಪೇಟೆ, ನಾಲ್ಕನೆಯ ಮಾದರಿ: ಅಂಚೆಯ ಗಂಟು ಬಿಚ್ಚಿದ ಶನಿವಾರ

ಮೂರು ತಿಂಗಳಿನಿಂದ ನನ್ನ ನಿದ್ದೆಗೆಡಿಸಿದ್ದ ಅಂಚೆಯ ಸುತ್ತು ಕಳೆದ ಶನಿವಾರ ಕೊನೆಗೂ ಸುಸೂತ್ರವಾಗಿ ನಡೆಯಿತು. ದ್ವಿತೀಯ ಪಿಯುಸಿ ಓದುತ್ತಲೇ ಸಿಎ ಫೌಂಡೇಶನ್ ಪರೀಕ್ಷೆಗೂ ತಯಾರಾಗುತ್ತಿರುವ 42 ಮಕ್ಕಳಿಗೆ 1872ರ ಭಾರತೀಯ ಕರಾರು ಕಾಯ್ದೆಯನ್ನು ‘ಕರಾರು ಪೇಟೆ’ ಎಂಬ ಕಾರ್ಡಿನಾಟದ ಮೂಲಕ ಕಲಿಸುವ ಈ ಯೋಜನೆಯಲ್ಲಿ ಕಾರ್ಡು ಕತ್ತರಿಸುವುದು, ಲ್ಯಾಮಿನೇಷನ್, ಅಂಕಪಟ್ಟಿ ಮುಂತಾದವು ನಿಮಗೂ ಕೈತಿಳಿದ ಕೆಲಸಗಳೇ ಆದ್ದರಿಂದ ಅವನ್ನು ಬಿಟ್ಟು ನೇರವಾಗಿ ಗಂಟಿಗೆ ಬರುತ್ತೇನೆ.

ಅದಕ್ಕೆ ಮುನ್ನ ಒಂದು ಸಣ್ಣ ಅವಘಡವನ್ನು ದಾಖಲಿಸಬೇಕು. ಎರಡನೆಯ ಮಾದರಿಯಲ್ಲಿ ಸೋಲುವ ಹಂತಕ್ಕೆ ಬಂದಿದ್ದ ಹುಡುಗನೊಬ್ಬ ಎದ್ದು ನಿಂತು, ತನಗಿನ್ನೂ ಹದಿನೇಳು ವರ್ಷವೆಂದೂ, 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದಂತೆ ಅಪ್ರಾಪ್ತ ವಯಸ್ಕನ ಕರಾರು ಆರಂಭದಿಂದಲೇ ಅನೂರ್ಜಿತವೆಂದೂ, ಹಾಗಾಗಿ ತಾನು ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲವೆಂದೂ ವಾದಿಸಿದನು. ವಾದದಲ್ಲಿ ತಪ್ಪು ಹುಡುಕಲಾಗದೆ ನಾನು ಅಂದಿನ ಆಟವನ್ನೇ ನಿಲ್ಲಿಸಬೇಕಾಯಿತು. ಈಗ ಪ್ರತಿಯೊಬ್ಬರಿಗೂ ಒಂದು ವಯಸ್ಸಿನ ಚೀಟಿ ಕೊಡುತ್ತೇನೆ. ಆಟದ ಮಟ್ಟಿಗೆ ಎಲ್ಲರೂ ಇಪ್ಪತ್ತೊಂದು ದಾಟಿದವರು.

ಇನ್ನು ಅಂಚೆ. ಎಂಟು ಮೇಜುಗಳಲ್ಲಿ ಕುಳಿತವರು ಅಡಿಕೆ, ಬೆಲ್ಲ, ಮೆಣಸಿನ ವ್ಯಾಪಾರ ಮಾಡುತ್ತಾರೆ. ಪ್ರತಿ ಸುತ್ತಿಗೂ ಒಂದು ದರದ ಕಾರ್ಡು ತಿರುಗುತ್ತದೆ. ಪತ್ರವು ಎದುರಿನ ಮೇಜು ತಲುಪಲು ಎರಡು ಸುತ್ತು ಬೇಕು. ಫೋನು ಆ ಕ್ಷಣವೇ ತಲುಪುತ್ತದೆ, ಆದರೆ ಐದು ಅಂಕ ಕಳೆಯುತ್ತದೆ. ಕಾಯ್ದೆಯ 4ನೆಯ ಕಲಮಿನ ಪ್ರಕಾರ, ಅಂಗೀಕಾರದ ಪತ್ರವು ಅಂಚೆ ಡಬ್ಬಿಗೆ ಬಿದ್ದು ಕೈ ಮೀರಿದೊಡನೆ ಪ್ರಸ್ತಾಪಿಸಿದವನು ಬದ್ಧನಾಗುತ್ತಾನೆ. ಅಂಗೀಕರಿಸಿದವನಾದರೋ ಆ ಪತ್ರ ಪ್ರಸ್ತಾಪಿಸಿದವನ ಅರಿವಿಗೆ ಬಂದಾಗ ಮಾತ್ರ ಬದ್ಧನು. ಅಲ್ಲಿಯವರೆಗೂ ಅವನು ತನ್ನ ಅಂಗೀಕಾರವನ್ನು ಹಿಂತೆಗೆದುಕೊಳ್ಳಬಹುದೆಂದು 5ನೆಯ ಕಲಂ ಹೇಳುತ್ತದೆ. ಕಾಯ್ದೆಯ ಉದಾಹರಣೆಯಲ್ಲಿ ಹಿಂತೆಗೆತವು ಟೆಲಿಗ್ರಾಂ ಮೂಲಕ ಹೋಗುತ್ತದೆ ಎಂದಾಗ, 2013ರಲ್ಲಿ ನಿಂತುಹೋದ ತಂತಿ ಸೇವೆಯನ್ನು ಕಂಡರಿಯದ ಮಕ್ಕಳು, 1872ರಲ್ಲಿಯೇ ಆ ಆ್ಯಪ್ ಇತ್ತೇ ಎಂದು ಗಂಭೀರವಾಗಿ ಕೇಳಿದರು.

ಗಂಟು ಇರುವುದು ಈ ಎರಡು ಕಲಮುಗಳ ನಡುವೆಯೇ. ಮೂರನೆಯ ಮೇಜಿನ ಹುಡುಗಿ ಹತ್ತು ಕ್ವಿಂಟಲ್ ಚಾಲಿ ಅಡಿಕೆಯನ್ನು ಆಟದ ದರವಾದ 40,000 ರೂಪಾಯಿಗೆ ಕೊಡುವುದಾಗಿ ಪ್ರಸ್ತಾಪಿಸಿದಳು. ಐದನೆಯ ಮೇಜಿನವನು ಅಂಗೀಕಾರವನ್ನು ಡಬ್ಬಿಗೆ ಹಾಕಿ ಸುಮ್ಮನೆ ಕುಳಿತನು. ಮುಂದಿನ ಸುತ್ತಿನಲ್ಲಿ ದರ 36,000ಕ್ಕೆ ಇಳಿದರೆ ಅವನು ಫೋನು ಮಾಡಿ ಅಂಗೀಕಾರವನ್ನು ಹಿಂತೆಗೆಯುತ್ತಾನೆ. 43,000ಕ್ಕೆ ಏರಿದರೆ ಬಾಯಿ ಬಿಡುವುದಿಲ್ಲ, ಪತ್ರ ತಾನಾಗಿಯೇ ತಲುಪುತ್ತದೆ, ಹುಡುಗಿ ಹಳೆಯ ದರಕ್ಕೆ ಅಡಿಕೆ ತೂಗಿ ಕೊಡಬೇಕು. ಐದೇ ಅಂಕದ ಖರ್ಚಿನಲ್ಲಿ ಒಂದು ಕಡೆಯವರಿಗೆ ಎಂದಿಗೂ ನಷ್ಟವಿಲ್ಲದ ವ್ಯಾಪಾರ! ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಮೂರನೆಯ ಶನಿವಾರದ ಹೊತ್ತಿಗೆ ಎಲ್ಲರೂ ಅಂಗೀಕರಿಸಲು ಕಾದು ಕುಳಿತಿದ್ದರು, ಪ್ರಸ್ತಾಪಿಸುವವರೇ ಇರಲಿಲ್ಲ. ಪೇಟೆಯಲ್ಲಿ ಸಾಮೂಹಿಕ ಮೌನವ್ರತ ನಡೆದಂತಿತ್ತು.

ಫೋನಿನ ಶುಲ್ಕವನ್ನು ಹದಿನೈದಕ್ಕೆ ಏರಿಸಿ ನೋಡಿದೆ. ಅಂಕವುಳ್ಳವರು ಅದೇ ಕೆಲಸವನ್ನು ಇನ್ನಷ್ಟು ಗತ್ತಿನಿಂದ ಮಾಡಿದರು. ಪತ್ರದ ಪ್ರಯಾಣವನ್ನು ದಾಳಕ್ಕೆ ಒಪ್ಪಿಸಿದೆ, ಆಟ ಹಾವು-ಏಣಿಯಾಯಿತು. ಪತ್ರ ಡಬ್ಬಿಗೆ ಬಿದ್ದ ಮೇಲೆ ಅಂಗೀಕರಿಸಿದವನೂ ಬದ್ಧನು ಎಂದು ನಿಯಮ ಮಾಡಿಬಿಟ್ಟಿದ್ದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತಿತ್ತು. 1818ರ ಆಡಮ್ಸ್ ಮತ್ತು ಲಿಂಡ್ಸೆಲ್ ಪ್ರಕರಣದಿಂದ ಬೆಳೆದ ಇಂಗ್ಲಿಷ್ ಸಂಪ್ರದಾಯದ ಒಲವೂ ಆ ಕಡೆಗೇ ಇದೆ. ಆದರೆ ನಮ್ಮ ಕಾಯ್ದೆ ಹಾಗೆ ಹೇಳುವುದಿಲ್ಲ, ಮತ್ತು ಆಟ ಚೆನ್ನಾಗಿರಲೆಂದು ಮಕ್ಕಳಿಗೆ ತಪ್ಪು ಕಾನೂನು ಕಲಿಸುವುದು ನನ್ನಿಂದಾಗದು. ಅಂಚೆಯನ್ನೇ ಕಿತ್ತುಹಾಕೋಣವೆಂದು ಒಂದು ರಾತ್ರಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೂ ಉಂಟು.

ಬಿಡಿಸುವ ದಾರಿ ಅದೇ ಕಾಯ್ದೆಯಲ್ಲಿ, ಎರಡೇ ಕಲಂ ಮುಂದೆ ಇತ್ತು. ಹತ್ತು ವರ್ಷ ಪಾಠ ಮಾಡಿದ ನನಗೆ ಅದು ಕಂಡಿರಲಿಲ್ಲವೆಂಬುದು ನಾಚಿಕೆಯ ವಿಷಯ. ಅಂಗೀಕಾರ ಯಾವ ರೀತಿಯಲ್ಲಿ ಬರಬೇಕೆಂದು ಪ್ರಸ್ತಾಪಿಸುವವನು ಗೊತ್ತುಪಡಿಸಬಹುದು ಎಂಬುದು 7ನೆಯ ಕಲಮಿನ ಮಾತು. ಅವನು ಗೊತ್ತುಪಡಿಸಿದ ಅವಧಿ ಮುಗಿದರೆ ಪ್ರಸ್ತಾಪ ತಾನಾಗಿ ಬಿದ್ದುಹೋಗುತ್ತದೆ ಎಂಬುದು 6ನೆಯದರ ಮಾತು. ಆದ್ದರಿಂದ ಪ್ರತಿ ಪ್ರಸ್ತಾಪಕ್ಕೂ ಒಂದು ಷರಾ ಚೀಟಿ ಅಂಟಿಸಿದೆ. ‘ಉತ್ತರ ಫೋನಿನಲ್ಲಿ ಮಾತ್ರ’ ಎಂದು ಬರೆದರೆ ಅಂಗೀಕಾರ ಆಡಿದ ಕ್ಷಣದಲ್ಲೇ ಎದುರಿನವನ ಕಿವಿ ತಲುಪುವುದರಿಂದ ಹಿಂತೆಗೆಯಲು ಸಂದೇ ಉಳಿಯುವುದಿಲ್ಲ. ಅಹಮದಾಬಾದ್ ಮತ್ತು ಖಾಮಗಾಂವ್‌ನ ವರ್ತಕರ ನಡುವೆ ಹತ್ತಿಬೀಜದ ಹಿಂಡಿಗಾಗಿ ನಡೆದ ಭಗವಾನ್‌ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಫೋನಿನ ಕರಾರಿಗೆ ಅಂಚೆಯ ನಿಯಮ ಅನ್ವಯಿಸದು ಎಂದು 1965ರಲ್ಲಿ ಬಹುಮತದಿಂದ ಹೇಳಿದ್ದನ್ನು ಈ ಹಂತದಲ್ಲಿ ಓದಿಸಿದಾಗ ಯಾರೂ ಆಕಳಿಸಲಿಲ್ಲ. ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಭಿನ್ನಮತದ ಪರವಾಗಿ ಇಬ್ಬರು ವಾದಕ್ಕೂ ಇಳಿದರು. ಫೋನಿನ ಐದು ಅಂಕವನ್ನು ಕೊಳ್ಳುವವನೇ ತೆರಬೇಕಾದ್ದರಿಂದ ಮಾರುವವಳು ದರದಲ್ಲಿ ತುಸು ಬಿಡಬೇಕಾಗುತ್ತದೆ, ಇಲ್ಲವೇ ಅಂಚೆಯ ಅಪಾಯವನ್ನು ಹೊರಬೇಕಾಗುತ್ತದೆ. ಚೌಕಾಸಿ ಶುರುವಾಯಿತು, ಪೇಟೆಗೆ ಗದ್ದಲ ಮರಳಿತು.

ಇದೇ 7ನೆಯ ಕಲಮಿಗೆ ಒಂದು ಬಾಲವೂ ಇದೆ. ಗೊತ್ತುಪಡಿಸಿದ ರೀತಿ ಬಿಟ್ಟು ಬೇರೆ ರೀತಿಯಲ್ಲಿ ಅಂಗೀಕಾರ ಬಂದರೆ ಪ್ರಸ್ತಾಪಿಸಿದವನು ಯುಕ್ತ ಕಾಲದೊಳಗೆ ತಕರಾರು ಎತ್ತಬೇಕು. ಎತ್ತದಿದ್ದರೆ ಅದನ್ನೇ ಒಪ್ಪಿದಂತಾಗುತ್ತದೆ. ಆಟದಲ್ಲಿ ಯುಕ್ತ ಕಾಲವೆಂದರೆ ಒಂದು ಸುತ್ತು. ಮೊನ್ನೆ ಅದನ್ನು ಮರೆತ ಹುಡುಗಿ ಎಂಬತ್ತು ಅಂಕ ಕಳೆದುಕೊಂಡು ಕಲಂ ಸಂಖ್ಯೆ ಹಿಡಿದೇ ಜಗಳವಾಡಿದಳು.

ಮುಂದಿನ ಯೋಜನೆ ಆಗಲೇ ತಲೆ ತಿನ್ನುತ್ತಿದೆ: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿರುವ ಚೆಕ್ ಬೌನ್ಸಿನ 138ನೆಯ ಕಲಮನ್ನು ಪಗಡೆಯ ಹಾಸಿನ ಮೇಲೆ ದಿನಗಳ ಮನೆಗಳಾಗಿ ಬರೆಯಬೇಕು. ಬ್ಯಾಂಕಿನಿಂದ ಸುದ್ದಿ ಬಂದ ಮೇಲೆ ನೋಟಿಸಿಗೆ 30 ಮನೆ, ನೋಟಿಸು ತಲುಪಿದ ಮೇಲೆ ಹಣ ಕಟ್ಟಲು 15 ಮನೆ, ಆಮೇಲೆ ದೂರಿಗೆ ಒಂದು ತಿಂಗಳು. ಕಾಯಿ ಒಂದು ಮನೆ ತಡವಾದರೆ ಮೊಕದ್ದಮೆಯೇ ಕೈತಪ್ಪುವ ಭಯವಿರುವ ಇಂಥ ಹಾಸು ಪಗಡೆಗೂ ಸಿಕ್ಕಿರಲಾರದು. ಆದರೆ ಮೊದಲು ಷರಾ ಚೀಟಿಗಳು ಮುದ್ರಣವಾಗಬೇಕು.

ಮುದ್ರಣದ ಕಥೆ ಬೇರೆಯೇ. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳನ್ನು ನುಂಗಿ ‘ಪ್ರಸ್ತಾಪ’ವನ್ನು ‘ಪಸಾಪ’ ಮಾಡಿಕೊಟ್ಟ ಮುದ್ರಕರಿಗೆ ಈ ಬಾರಿ, ಕರಡಿಗೆ ಸಹಿ ಹಾಕಿ ಹಿಂದಿರುಗಿಸಿದರೆ ಮಾತ್ರ ಆರ್ಡರು ಒಪ್ಪಿದಂತೆ ಎಂದು ಸ್ಪಷ್ಟವಾಗಿ ಬರೆದು ಕಳುಹಿಸಿದ್ದೆ. ಅವರು ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ನಾನು ಹನ್ನೆರಡು ದಿನ ಸುಮ್ಮನಿದ್ದೆ. ಈಗ 500 ‘ಷರಾ ಚೀಟ’ಗಳು ಮನೆಗೆ ಬಂದಿವೆ, ಹಣ ಕೊಡಬೇಕೇ ಎಂಬ ಪ್ರಶ್ನೆಯನ್ನು ತರಗತಿಯ ಮುಂದಿಟ್ಟಾಗ 42 ಮಂದಿಯೂ ಒಕ್ಕೊರಲಿನಿಂದ ನನ್ನ ವಿರುದ್ಧ ತೀರ್ಪು ಕೊಟ್ಟರು.