ಕೈಯಲ್ಲಿ ಒಂದೂವರೆ ಲಕ್ಷ: ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

ಮಣ್ಣಲ್ಲಿ ಓಡಿಸೋಕೆ ಬೈಕ್ ಬೇಕು, ದುಡ್ಡು ಕಮ್ಮಿ ಇದೆ ಅಂದ ಕೂಡಲೇ ಯಾರಾದರೂ ಒಬ್ಬರು ‘ಟೂ ಸ್ಟ್ರೋಕ್ ತಗೋ ಮಗಾ, ಖರ್ಚೇ ಇಲ್ಲ’ ಅಂತ ಶುರು ಮಾಡುತ್ತಾರೆ. ಈ ಮಾತು ಬಂದಿರುವುದು ಹೊರಗಿನ ದೇಶದ ರೈಡರ್‌ಗಳ ವಿಡಿಯೊಗಳಿಂದ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಕೈಯಲ್ಲಿರುವ ಬೈಕ್ ಬೇರೆ, ನಮಗೆ ಸಿಗುವ ಬೈಕ್ ಬೇರೆ. ಅಷ್ಟಕ್ಕೇ ಉತ್ತರ ಪೂರ್ತಿ ಉಲ್ಟಾ ಆಗುತ್ತದೆ.

ಮೊದಲು ಅವರ ಬೈಕ್ ನೋಡೋಣ. ಯಮಹಾ ವೈಝಡ್ 125, ಕೆಟಿಎಂ 125 ಎಸ್‌ಎಕ್ಸ್, ಇವು ರೇಸಿಗೆಂದೇ ಮಾಡಿದ ಟೂ ಸ್ಟ್ರೋಕ್‌ಗಳು. ಲೈಟ್ ಇಲ್ಲ, ಹಾರ್ನ್ ಇಲ್ಲ. ಇವುಗಳ ಎದುರಾಳಿ 250 ಸಿಸಿ ಫೋರ್ ಸ್ಟ್ರೋಕ್. ಅರ್ಧಕ್ಕರ್ಧ ವ್ಯತ್ಯಾಸ ಇದೆಯಲ್ಲ, ಇದೆಂಥ ನ್ಯಾಯ ಅನ್ನಬೇಡಿ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಒಂದು ಸುತ್ತು ತಿರುಗಿದರೆ ಒಂದು ಸಲ ಫೈರಿಂಗ್, ಅಂದರೆ ಪೆಟ್ರೋಲ್ ಹೊತ್ತಿ ಪಿಸ್ಟನ್ ಒದೆಯುವುದು, ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ. ಒಂದು ಕಾಲಕ್ಕೆ ಮೋಟೊಕ್ರಾಸ್ (ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್) ಅಂದರೆ ಟೂ ಸ್ಟ್ರೋಕೇ ಆಗಿತ್ತು. 1997ರಲ್ಲಿ ಅಮೆರಿಕದ ರೇಸರ್ ಡಗ್ ಹೆನ್ರಿ ಯಮಹಾದ 400 ಸಿಸಿ ಫೋರ್ ಸ್ಟ್ರೋಕ್ ಹತ್ತಿ ಲಾಸ್ ವೇಗಸ್ ಸೂಪರ್‌ಕ್ರಾಸ್ (ಸ್ಟೇಡಿಯಂ ಒಳಗಿನ ಮೋಟೊಕ್ರಾಸ್) ಗೆದ್ದ, ಅಲ್ಲಿಂದ ಗಾಳಿ ತಿರುಗಿತು. 2007ರ ಮಾಡೆಲ್ ಆದ ಮೇಲೆ ಹೋಂಡಾ ತನ್ನ ಟೂ ಸ್ಟ್ರೋಕ್ ಸಿಆರ್ ರೇಸ್ ಬೈಕ್‌ಗಳನ್ನೇ ನಿಲ್ಲಿಸಿತು.

ಗೆಲ್ಲೋದಕ್ಕೆ ಫೋರ್ ಸ್ಟ್ರೋಕ್ ಸರಿ, ಜೇಬಿಗೆ ಅಲ್ಲ. ಆ 250 ಸಿಸಿ ರೇಸ್ ಎಂಜಿನ್ 13 ಸಾವಿರ ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ತನಕ ಕಿರುಚುತ್ತದೆ. ಒಳಗೆ ವಾಲ್ವ್, ಕ್ಯಾಮ್, ಟೈಮಿಂಗ್ ಚೈನ್ ಎಲ್ಲ ಇರುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ವಾಲ್ವ್ ಟೈಟಾನಿಯಂದು. ಇಂಥ ಬೈಕಿನ ಸರ್ವಿಸನ್ನು ಕಿಲೋಮೀಟರ್‌ನಲ್ಲಿ ಅಳೆಯುವುದಿಲ್ಲ, ಎಂಜಿನ್ ಓಡಿದ ಗಂಟೆಯಲ್ಲಿ ಅಳೆಯುತ್ತಾರೆ. ಹಿಂದಿನ ಓನರ್ ಆ ಗಂಟೆ ಲೆಕ್ಕ ಇಟ್ಟಿಲ್ಲದಿದ್ದರೆ, ವಾಲ್ವ್ ಒಂದು ಮುರಿದು ಪಿಸ್ಟನ್ ಮೇಲೆ ಬಿದ್ದರೆ, ಹೆಡ್ಡು, ಸಿಲಿಂಡರ್, ಕೆಲವೊಮ್ಮೆ ಕ್ರ್ಯಾಂಕ್ ಕೂಡ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ರೇಸ್ ಬೈಕಿನ ಅರ್ಧ ಬೆಲೆ ಅಲ್ಲಿಗೆ ಮುಗಿಯಿತು. ಅದೇ ಟೂ ಸ್ಟ್ರೋಕ್ ಆದರೆ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ತಂದು ಭಾನುವಾರ ಮನೆ ಅಂಗಳದಲ್ಲೇ ಹಾಕಿಕೊಳ್ಳಬಹುದು. ಪದೇ ಪದೇ ಬಿಚ್ಚಬೇಕು ನಿಜ, ಆದರೆ ಪ್ರತಿ ಸಲ ಎಷ್ಟಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಹಾಗಾಗಿ ರೇಸ್ ಬೈಕ್‌ಗಳ ವಿಷಯದಲ್ಲಿ, ಕಮ್ಮಿ ದುಡ್ಡಿನವರಿಗೆ ಟೂ ಸ್ಟ್ರೋಕೇ ಸರಿ. ಅಲ್ಲಿಗೆ ವಿಡಿಯೊದವರು ಗೆದ್ದರು.

ಈಗ ನಮ್ಮ ಕಡೆಗೆ ಬನ್ನಿ. ಒಂದೂವರೆ ಲಕ್ಷಕ್ಕೆ ಕರ್ನಾಟಕದಲ್ಲಿ ವೈಝಡ್ ಎಲ್ಲಿ ಸಿಗುತ್ತದೆ? ಯಾರೋ ರೇಸರ್ ಮಾರಿದ್ದು ಸಿಕ್ಕರೂ ಅದಕ್ಕೆ ಆರ್‌ಸಿ ಇರುವುದಿಲ್ಲ, ರೋಡಿಗೆ ಇಳಿಸುವ ಹಾಗಿಲ್ಲ, ಗ್ರೌಂಡ್‌ವರೆಗೆ ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಹೋಗಬೇಕು. ಆ ಬಾಡಿಗೆ ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಮ್ಮಲ್ಲಿ ಟೂ ಸ್ಟ್ರೋಕ್ ಅಂದರೆ ಕೊನೆಗೆ ಬಂದು ನಿಲ್ಲುವುದು ಯಮಹಾದ ಹಳೇ ಆರ್‌ಎಕ್ಸ್ 100, ಆರ್‌ಎಕ್ಸ್ 135, ಇಲ್ಲವೇ ಸುಜುಕಿ ಶೋಗನ್ ಹತ್ತಿರ. ಫೋರ್ ಸ್ಟ್ರೋಕ್ ಅಂದರೆ ಹೀರೋ ಇಂಪಲ್ಸ್ ಅಥವಾ ಎಕ್ಸ್‌ಪಲ್ಸ್ 200.

ಆರ್‌ಎಕ್ಸ್ 100 ಬಗ್ಗೆ ಬೈದರೆ ನಮ್ಮೂರಲ್ಲಿ ಊಟ ಹಾಕುವುದಿಲ್ಲ, ಆದರೂ ಹೇಳುತ್ತೇನೆ. ಅದು ಒಳ್ಳೆ ಎಂಜಿನ್. 98 ಸಿಸಿಗೆ 11 ಬಿಎಚ್‌ಪಿ, ತೂಕ ನೂರು ಕೆಜಿ ಆಸುಪಾಸು, ಕಿಕ್ಕರ್ ಒದ್ದರೆ ಒಂದೇ ಏಟಿಗೆ ಸ್ಟಾರ್ಟ್. ಆದರೆ ಅದು ರೋಡ್ ಬೈಕ್! ಮುಂದಿನ ಫೋರ್ಕ್ ಆಗಲಿ ಹಿಂದಿನ ಶಾಕ್ ಆಗಲಿ ಗುಂಡಿ ಹಾರಿಸೋಕೆ ಮಾಡಿದ್ದಲ್ಲ. ಅದನ್ನು ಮಣ್ಣಿಗೆ ತಯಾರು ಮಾಡಬೇಕು ಅಂದರೆ ಫೋರ್ಕ್, ಶಾಕ್, ರಿಮ್, ಟೈರ್, ಸ್ಪ್ರಾಕೆಟ್, ಹ್ಯಾಂಡಲ್ ಎಲ್ಲ ಬದಲಿಸಬೇಕು. ಅದೂ ಬೈಕಿಗೇ ಲಕ್ಷ ಕೊಟ್ಟ ಮೇಲೆ. 1996ರಲ್ಲಿ ನಿಂತುಹೋದ ಬೈಕಿಗೆ ಈಗ ಚಿನ್ನದ ರೇಟು, ನೀಟಾಗಿ ರಿಸ್ಟೋರ್ ಮಾಡಿದ್ದಾದರೆ ಲಕ್ಷ ದಾಟಿಯೇ ಮಾತು ಶುರು. ಒರಿಜಿನಲ್ ಸ್ಪೇರ್ ಕಷ್ಟ. ಬೆಂಗಳೂರಿನ ಜೆಸಿ ರೋಡಿನಲ್ಲಿ ಕೇಳಿದರೆ ಪಿಸ್ಟನ್ ಕಿಟ್ ಸಿಗುತ್ತದೆ, ಆದರೆ ಜಾಸ್ತಿ ಬರುವುದು ಡೂಪ್ಲಿಕೇಟ್, ಅದನ್ನು ಹಾಕಿ ಎರಡು ಮಳೆಗಾಲ ಕಳೆದರೆ ಪುಣ್ಯ. ಟೂ ಸ್ಟ್ರೋಕ್ ಅಗ್ಗ ಅನ್ನೋ ಲೆಕ್ಕ ನಿಂತಿರುವುದೇ ಒಳ್ಳೆ ಪಿಸ್ಟನ್ ಕಮ್ಮಿ ಬೆಲೆಗೆ ಸಿಗುತ್ತದೆ ಅನ್ನುವುದರ ಮೇಲೆ, ಅಲ್ವಾ? ಅದೇ ಇಲ್ಲ ಅಂದ ಮೇಲೆ ಇನ್ನೇನು ಉಳಿಯಿತು?

ಎಕ್ಸ್‌ಪಲ್ಸ್ 200 ಬಂದಿದ್ದು 2019ರಲ್ಲಿ. ಮುಂದೆ 21 ಇಂಚಿನ ವೀಲ್, ಹಿಂದೆ 18, ಗ್ರೌಂಡ್ ಕ್ಲಿಯರೆನ್ಸ್ 220 ಮಿ.ಮೀ., ಮುಂದಿನ ಸಸ್ಪೆನ್ಷನ್ 190 ಮಿ.ಮೀ. ಕುಗ್ಗುತ್ತದೆ, ಹಿಂದಿನದು 170. ಇದೆಲ್ಲ ಕಂಪನಿಯಿಂದಲೇ ಬರುತ್ತದೆ, ನೀವು ವೆಲ್ಡಿಂಗ್ ಅಂಗಡಿ ಮುಂದೆ ನಿಲ್ಲಬೇಕಿಲ್ಲ. ಎಂಜಿನ್ ಸಾಧು. ರೇಸ್ ಫೋರ್ ಸ್ಟ್ರೋಕ್ ಹಾಗೆ ಗಂಟೆ ಲೆಕ್ಕ ಇಡಬೇಕಿಲ್ಲ, ಆಯಿಲ್ ಬದಲಿಸಿ, ಟ್ಯಾಪೆಟ್ (ವಾಲ್ವಿನ ಗ್ಯಾಪ್) ನೋಡಿಸಿ, ಏರ್ ಫಿಲ್ಟರ್ ಕ್ಲೀನ್ ಇಟ್ಟರೆ ವರ್ಷಗಟ್ಟಲೆ ಬಿಚ್ಚುವ ಮಾತಿಲ್ಲ. ತಾಲೂಕಿನ ಮೆಕ್ಯಾನಿಕ್‌ಗೂ ಗೊತ್ತಿರುವ ಬೈಕ್. ಸೆಕೆಂಡ್ ಹ್ಯಾಂಡ್ ತಗೊಂಡರೆ ಉಳಿದ ದುಡ್ಡಿಗೆ ಮಣ್ಣು ಕಚ್ಚುವ ನಾಬಿ ಟೈರ್, ಹೆಲ್ಮೆಟ್, ಬೂಟು, ನೀ ಗಾರ್ಡ್ ಎಲ್ಲ ಬರುತ್ತದೆ. ಬೂಟಿನ ದುಡ್ಡು ಮಾತ್ರ ಬೈಕಿಗೆ ಹಾಕಬೇಡಿ, ಮೊಣಕಾಲಿನ ಆಪರೇಷನ್ ಯಾವ ಎಂಜಿನ್‌ಗಿಂತಲೂ ದುಬಾರಿ. ಬೈಕಿನ ತೂಕ 150 ಕೆಜಿ ದಾಟುತ್ತದೆ ಅನ್ನುವುದೊಂದೇ ನನ್ನ ತಕರಾರು. ಕೆಸರಲ್ಲಿ ಬಿದ್ದಾಗ ಎತ್ತೋಕೆ ಒಬ್ಬ ಗೆಳೆಯ ಬೇಕು. 2011ರಲ್ಲಿ ಬಂದ 150 ಸಿಸಿ ಇಂಪಲ್ಸ್ ಇದಕ್ಕಿಂತ ಹಗುರ, 134 ಕೆಜಿ, ಪವರ್ ಕಮ್ಮಿ. ಕಲಿಯುವವರಿಗೆ ಅದು ಒಳ್ಳೆಯದೇ, ಆದರೆ ಬೈಕ್ ನಿಂತು ಎಷ್ಟೋ ವರ್ಷ ಆಯಿತು, ಬಾಡಿ ಪಾರ್ಟ್ಸ್ ಹುಡುಕಬೇಕು.

ಮಲೆನಾಡಿನ ಲೆಕ್ಕ ಇನ್ನೊಂದಿದೆ. ಮಳೆಗಾಲದಲ್ಲಿ ಕೆಂಪು ಮಣ್ಣಿನ ಏರು ಹತ್ತುವಾಗ ಟೂ ಸ್ಟ್ರೋಕ್‌ನ ಪವರ್ ಮೇಲಿನ ಆರ್‌ಪಿಎಂನಲ್ಲಿ ಒಮ್ಮೆಗೇ ಬರುತ್ತದೆ, ಹಿಂದಿನ ಚಕ್ರ ಸುಮ್ನೆ ನಿಂತಲ್ಲೇ ತಿರುಗುತ್ತದೆ. ಫೋರ್ ಸ್ಟ್ರೋಕ್ ಕೆಳಗಿನಿಂದಲೇ ಎಳೆಯುತ್ತದೆ, ಹೊಸಬರಿಗೆ ಗ್ರಿಪ್ ಸಿಗುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಥ್ರಾಟಲ್ ಬಿಟ್ಟರೆ ಎಂಜಿನ್ನೇ ಬ್ರೇಕಿನ ಹಾಗೆ ಹಿಡಿಯುತ್ತದೆ, ಟೂ ಸ್ಟ್ರೋಕ್‌ನಲ್ಲಿ ಆ ಹಿಡಿತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಉದ್ದನೆಯ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿಕೊಂಡು ಹೋದರೆ ಪೆಟ್ರೋಲ್ ಜೊತೆಗೆ ಸೇರಿ ಬರುವ ಆಯಿಲೂ ಕಮ್ಮಿಯಾಗಿ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ಸೀಜ್ ಆಗುವ ಭಯ ಬೇರೆ. ಹಳ್ಳ ದಾಟುವಾಗ ಮಾತ್ರ ಟೂ ಸ್ಟ್ರೋಕ್ ಮೇಲು. ಒಳಗೆ ನೀರು ಹೋದರೆ ಪ್ಲಗ್ ಬಿಚ್ಚಿ, ಬೈಕ್ ಬಗ್ಗಿಸಿ ಕಿಕ್ಕರ್ ಒದ್ದರೆ ನೀರು ಹೊರಗೆ ಬರುತ್ತದೆ, ಪ್ಲಗ್ ಒರೆಸಿ ಹಾಕಿ ಹೊರಡಬಹುದು. ಫೋರ್ ಸ್ಟ್ರೋಕ್‌ನಲ್ಲಿ ನೀರು ಎಂಜಿನ್ ಆಯಿಲ್‌ಗೆ ಸೇರಿ ಹಾಲು ಹಾಕಿದ ಕಾಫಿಯ ಹಾಗೆ ಆಗುತ್ತದೆ, ಆಯಿಲ್ ಬದಲಿಸದೆ ಓಡಿಸಿದರೆ ಬೇರಿಂಗ್ ಹೋಗುತ್ತದೆ.

2015ರಲ್ಲಿ ಡಾಕರ್ ರ್‍ಯಾಲಿ (ಮರುಭೂಮಿ, ಮಣ್ಣಿನಲ್ಲಿ ದಿನಗಟ್ಟಲೆ ಓಡುವ ರೇಸ್) ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಅವರು ಓಡಿಸಿದ್ದೂ 450 ಸಿಸಿ ಫೋರ್ ಸ್ಟ್ರೋಕೇ. ನಮ್ಮ ತೋಟದ ಸುತ್ತಾಟಕ್ಕೂ ಡಾಕರ್‌ಗೂ ಏನು ಸಂಬಂಧ ಅನ್ನಬೇಡಿ, ಟೂ ಸ್ಟ್ರೋಕ್ ಅಲ್ಲದ್ದು ಗಂಡಸರ ಬೈಕೇ ಅಲ್ಲ ಅನ್ನುವವರ ಬಾಯಿ ಮುಚ್ಚಿಸೋಕೆ ಇದು ಸಾಕು.

ಇಷ್ಟಾದ ಮೇಲೂ ಆರ್‌ಎಕ್ಸೇ ಬೇಕು ಅನ್ನುವವರಿಗೆ: ನಿಮ್ಮ ಹತ್ತಿರ ಇನ್ನೊಂದು ಓಡುವ ಗಾಡಿ ಇರಲಿ, ಆರ್‌ಎಕ್ಸ್ ಬಿಚ್ಚಿ ಕೈ ಪಳಗಿದ ಹಳೆ ಮೆಕ್ಯಾನಿಕ್ ಒಬ್ಬರು ಪರಿಚಯ ಇರಲಿ. ಹದಿನೈದು ವರ್ಷ ದಾಟಿದ ಬೈಕಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಆಗಿರಬೇಕು, ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಎಂಜಿನ್ ಕೇಸಿನ ಮೇಲೆ ಕೊರೆದದ್ದಕ್ಕೆ ಹೊಂದಬೇಕು. ಹೊಗೆ ನೋಡಿ. ತೆಳು ನೀಲಿ ಹೊಗೆ ಸಹಜ. ದಟ್ಟ ಬಿಳಿ ಹೊಗೆ ಬಿಡುತ್ತಲೇ ಇದ್ದು ಗೇರ್ ಆಯಿಲ್ ಕಮ್ಮಿಯಾಗುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ ಅಂತ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಮೇಲೇ ನಿಂತರೆ ಎಲ್ಲೋ ಗಾಳಿ ಎಳೆಯುತ್ತಿದೆ, ಮ್ಯಾಗ್ನೆಟ್ ಕಡೆಯ ಸೀಲ್ ಇರಬಹುದು. ಎಕ್ಸ್‌ಪಲ್ಸ್ ನೋಡುವವರು ತಣ್ಣಗಿರುವಾಗ ಟೈಮಿಂಗ್ ಚೈನ್ ಸದ್ದು ಕೇಳಿ, ನೀಲಿ ಹೊಗೆ ಬಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಯಾವುದೇ ಆಗಲಿ, ನೀವು ಹೋಗುವ ಹೊತ್ತಿಗೇ ಎಂಜಿನ್ ಬಿಸಿ ಇದ್ದರೆ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ತಣ್ಣಗಿರುವಾಗಿನ ತೊಂದರೆ ನಿಮಗೆ ಕಾಣುವುದಿಲ್ಲ. ಜಗಳ ಬೇಡ, ಟೀ ಕುಡಿದು ನಾಳೆ ಬೆಳಿಗ್ಗೆ ಬರುತ್ತೇನೆ ಅನ್ನಿ.